ಸೈನ್(ಎ+ಬಿ) ಲೆಕ್ಕ: ನಂಗೆ 63/65 ಬರ್ತಿದೆ, ಬುಕ್ಕಲ್ಲಿ −33/65 ಇದೆ

ಪಿಯು_ಹುಡುಗ:
ಎಲ್ರಿಗೂ ನಮಸ್ಕಾರ. ನಾನು ಫಸ್ಟ್ ಪಿಯುಸಿ ಸೈನ್ಸು, ಹತ್ತನೇ ಕ್ಲಾಸ್ ತನಕ ಕನ್ನಡ ಮೀಡಿಯಂ. ಈ ಒಂದು ಲೆಕ್ಕ ಎರಡು ದಿನದಿಂದ ತಲೆ ತಿಂತಿದೆ. ಸೈನ್ ಎ = 3/5, ಎ ಎರಡನೇ ಕ್ವಾಡ್ರಂಟಲ್ಲಿದೆ (90ರಿಂದ 180 ಡಿಗ್ರಿ ಒಳಗೆ), ಕಾಸ್ ಬಿ = 5/13, ಬಿ ಮೊದಲನೇ ಕ್ವಾಡ್ರಂಟು, ಸೈನ್(ಎ+ಬಿ) ಎಷ್ಟು ಅಂತ. ಫಾರ್ಮುಲಾ, ಅಂದ್ರೆ ಸೈನ್(ಎ+ಬಿ) = ಸೈನ್ ಎ ಕಾಸ್ ಬಿ + ಕಾಸ್ ಎ ಸೈನ್ ಬಿ, ಸರಿಯಾಗೇ ಹಾಕಿದೀನಿ, ಆದ್ರೂ ಉತ್ತರ ಬೇರೆ. ಇನ್ನೊಂದು ಡೌಟು, ಸೈನ್ ಎ ಸೈನ್ ಬಿ ಎರಡೂ ಗೊತ್ತಿದ್ಮೇಲೆ ಸುಮ್ನೆ ಕೂಡಿಸಿಬಿಟ್ರೆ ಯಾಕಾಗಲ್ಲ? ದಯವಿಟ್ಟು ಯಾರಾದ್ರೂ ಹೇಳಿ.

ಲೆಕ್ಕದಕ್ಕ:
ಎರಡನೇ ಡೌಟು ಮೊದ್ಲು ನೋಡೋಣ ತಮ್ಮಾ. ಸೈನ್ 30 ಅಂದ್ರೆ 0.5, ಸೈನ್ 45 ಸುಮಾರು 0.707, ಕೂಡಿಸಿದ್ರೆ 1.2 ದಾಟತ್ತೆ. ಯಾವ ಕೋನದ ಸೈನೂ 1ಕ್ಕಿಂತ ಜಾಸ್ತಿ ಆಗೋದೇ ಇಲ್ವಲ್ಲ, ಅಲ್ಲಿಗೇ ಗೊತ್ತಾಯ್ತು ಅದು ತಪ್ಪು ಅಂತ. ಸರಿಯಾಗಿ ಹಾಕಿದ್ರೆ ಸೈನ್ 75 = (√6+√2)/4, ಸುಮಾರು 0.966.

ಇನ್ನು ನಿನ್ನ ಲೆಕ್ಕ. ಸೈನ್ ವರ್ಗ + ಕಾಸ್ ವರ್ಗ = 1 ಅಂತ ವರ್ಗಮೂಲ ತೆಗೆದು ಸೈನ್ ಬಿ 12/13 ಅಂದಿದ್ದು ಸರಿ, ಆದ್ರೆ ಕಾಸ್ ಎ ನೀನು 4/5 ತಗೊಂಡಿದೀಯ, ಅದಕ್ಕೇ 15/65 + 48/65 ಆಗಿ 63/65 ಬಂದಿರೋದು. ಎ ಎರಡನೇ ಕ್ವಾಡ್ರಂಟಲ್ಲಿದೆ, ಅಲ್ಲಿ ಕಾಸ್ ಮೈನಸ್ಸು, ಹಾಗಾಗಿ −4/5. ಈಗ 15/65 − 48/65 ಮಾಡು, −33/65 ಬರತ್ತೆ. ವರ್ಗಮೂಲ ತೆಗೆದ ಕೂಡ್ಲೆ ಪ್ಲಸ್ಸಾ ಮೈನಸ್ಸಾ ಅಂತ ಬರ್ದಿಟ್ಕೊಂಡೇ ಮುಂದಕ್ಕೆ ಹೋಗು, ನಮ್ ಕ್ಲಾಸಲ್ಲೂ ಮುಕ್ಕಾಲು ಜನ ಜಾರ್ತಿದ್ದಿದ್ದು ಇಲ್ಲೇ.

ನಿವೃತ್ತ_ಮೇಷ್ಟ್ರು:
ಮೇಲಿನವರು ಸರಿಯಾಗಿ ಹೇಳಿದ್ದಾರೆ. ಒಂದು ಮಾತು ಸೇರಿಸ್ತೀನಿ, ಈ ಸೂತ್ರ ನಮ್ಮಲ್ಲಿ ಹಳೇದು ಕಣಪ್ಪ, ಎರಡನೇ ಭಾಸ್ಕರಾಚಾರ್ಯರು 1150ರಲ್ಲಿ ಬರೆದ ಸಿದ್ಧಾಂತ ಶಿರೋಮಣಿಯ ಜ್ಯೋತ್ಪತ್ತಿ ಭಾಗದಲ್ಲೇ ಇದೆ. ಒಂದು ಚಾಪದ (ವೃತ್ತದ ಕಂಸದ) ಜ್ಯಾವನ್ನ ಇನ್ನೊಂದರ ಕೋಟಿಜ್ಯಾದಿಂದ ಗುಣಿಸಿ, ತ್ರಿಜ್ಯದಿಂದ ಭಾಗಿಸಿ, ಅದಲುಬದಲು ಮಾಡಿ ಇನ್ನೊಮ್ಮೆ ಹಾಗೇ ಮಾಡಿ, ಆ ಎರಡನ್ನೂ ಕೂಡಿಸಿದ್ರೆ ಮೊತ್ತದ ಜ್ಯಾ, ಕಳೆದ್ರೆ ವ್ಯತ್ಯಾಸದ ಜ್ಯಾ. ಜ್ಯಾ ಅಂದ್ರೆ ನಿಮ್ಮ ಸೈನು, ಕೋಟಿಜ್ಯಾ ಕಾಸು, ತ್ರಿಜ್ಯ 1 ಅಂತ ಇಟ್ಕೊಂಡ್ರೆ ನಿಮ್ಮ ಪುಸ್ತಕದ ಫಾರ್ಮುಲಾನೇ. ನನಗೆ ಇದು ಬಾಯಿಗೆ ನಿಂತಿದ್ದೇ ಈ ಮಾತಿನಿಂದ, ಒಂದರದ್ದು ಇನ್ನೊಂದಕ್ಕೆ.

ಕಾಸ್‌ನಲ್ಲಿ ಚಿಹ್ನೆ ಉಲ್ಟಾ ಆಗೋದು, ಅಂದ್ರೆ ಕಾಸ್(ಎ+ಬಿ) = ಕಾಸ್ ಎ ಕಾಸ್ ಬಿ − ಸೈನ್ ಎ ಸೈನ್ ಬಿ ಅನ್ನೋದು, ಮರೆತ್ರೆ ಕಾಸ್(ಎ−ಎ) ಹಾಕಿ ನೋಡಿ. ಅದು ಕಾಸ್ 0, ಅಂದ್ರೆ 1 ಬರಬೇಕು. ಕಾಸ್ ವರ್ಗಕ್ಕೆ ಸೈನ್ ವರ್ಗ ಕೂಡಿಸಿದ್ರೆ ತಾನೇ 1? ಹಾಗಾಗಿ ಒಳಗೆ ಮೈನಸ್ ಇದ್ರೆ ಹೊರಗೆ ಪ್ಲಸ್. ಕಾಸ್(ಎ+ಬಿ)ನೂ ಮಾಡಿ ನೋಡಪ್ಪ.

ಪಿಯು_ಹುಡುಗ:
ಮಾಡ್ದೆ ಸರ್, −20/65 − 36/65 = −56/65 ಬಂತು. ಸೈನೂ ಮೈನಸ್ಸು ಕಾಸೂ ಮೈನಸ್ಸು, ಅಂದ್ರೆ ಎ+ಬಿ ಮೂರನೇ ಕ್ವಾಡ್ರಂಟಲ್ಲಿದೆ ಅಲ್ವಾ?

ಲೆಕ್ಕದಕ್ಕ:
ಹೂಂ, ಅಲ್ಲೇ. ಎ ಸುಮಾರು 143 ಡಿಗ್ರಿ, ಬಿ 67, ಕೂಡಿಸಿದ್ರೆ 210ರ ಹತ್ರ.