ಹೈಸ್ಕೂಲಲ್ಲಿ ಸೈಕಲ್ ರಿಪೇರಿ ಶಿಬಿರ: 60 ಸೈಕಲ್‌ಗೆ ಸಾಮಾನು, ಜನ, ಸಮಯ ಎಷ್ಟು ಬೇಕು?

ಗಾಳಿಪಂಪು:
ನಮ್ಮದು ಮೈಸೂರಿನ ಸಣ್ಣ ಸೈಕಲ್ ಕ್ಲಬ್ಬು. ಭಾನುವಾರ ಚಾಮುಂಡಿ ಬೆಟ್ಟ, ಆಗಾಗ ಶ್ರೀರಂಗಪಟ್ಟಣದ ಕಡೆ ರೈಡು, ಇಷ್ಟೇ ನಡೀತಿತ್ತು. ಈ ಸಲ ನಂಜನಗೂಡು ಕಡೆಯ ಒಂದು ಸರ್ಕಾರಿ ಹೈಸ್ಕೂಲಲ್ಲಿ ಮಕ್ಕಳ ಸೈಕಲ್ ರಿಪೇರಿ ಮಾಡಿಕೊಡೋಣ ಅಂತಿದ್ದೀವಿ. ಹೆಡ್‌ಮಾಸ್ಟರು, ಎಸ್‌ಡಿಎಂಸಿಯವರು (ಶಾಲೆಯ ಉಸ್ತುವಾರಿ ಸಮಿತಿ) ಇಬ್ಬರೂ ಒಪ್ಪಿದ್ದಾರೆ. ಅಂದಾಜು 60 ಸೈಕಲ್. ಕೆಲವು ಎಂಟನೇ ಕ್ಲಾಸಿಗೆ ಸರ್ಕಾರ ಕೊಟ್ಟಿದ್ದವು, ಅಣ್ಣ-ಅಕ್ಕಂದಿರ ಕೈದಾಟಿ ಬಂದಿವೆ. ಉಳಿದವು ಮನೆಯ ಹಳೇ ಸೈಕಲ್. ಗೇರ್ ಸೈಕಲ್ ಒಂದೂ ಇಲ್ಲ.

ನಾವು 14 ಜನ ಬರ್ತೀವಿ. ಒಂದೇ ಭಾನುವಾರದಲ್ಲಿ ಮುಗಿಸಬಹುದಾ? ಯಾವ ಸಾಮಾನು ಎಷ್ಟು ತರಬೇಕು? ಸರಿಯಾಗದ ಸೈಕಲ್‌ಗಳನ್ನ ಏನು ಮಾಡೋದು?

ಕಾಟರ್‌ಪಿನ್:
ಸಾಮಾನು ತರೋಕೆ ಮುಂಚೆ ಒಂದು ಶನಿವಾರ ಮಧ್ಯಾಹ್ನ ಸ್ಕೂಲು ಬಿಟ್ಟ ಮೇಲೆ ಹೋಗಿ ಅಷ್ಟೂ ಸೈಕಲ್ ನೋಡ್ಕೊಂಡು ಬನ್ನಿ. ಒಂದಕ್ಕೆ ಎರಡು ನಿಮಿಷ ಸಾಕು. ಹ್ಯಾಂಡಲ್‌ಗೆ ರಟ್ಟಿನ ಚೀಟಿ ಕಟ್ಟಿ ನಂಬರು, ಮಗುವಿನ ಕ್ಲಾಸು, ಟೈರ್ ಸೈಜು, ಏನೇನು ಹೋಗಿದೆ ಅನ್ನೋದು ಬರೀರಿ. ಪಂಕ್ಚರ್, ಬ್ರೇಕ್, ಚೈನ್ ಬಿಗಿ ಮಾತ್ರ ಇದ್ದರೆ ‘ಎ’. ಹಬ್ಬು (ಚಕ್ರದ ನಡುವಿನ ಗುಂಬ), ಕಾಟರ್ ಪಿನ್ನು (ಪೆಡಲಿನ ಕೈ, ಅಂದ್ರೆ ಕ್ರ್ಯಾಂಕನ್ನ, ಅಚ್ಚಿಗೆ ಕಚ್ಚಿಸೋ ಪಿನ್ನು) ಹೋಗಿದ್ದರೆ, ರಿಮ್ ಬೆಂಡು ಇದ್ದರೆ ‘ಬಿ’. ಫ್ರೇಮ್ ಅಥವಾ ಫೋರ್ಕ್ ಸೀಳಿದ್ದರೆ, ವೆಲ್ಡಿಂಗ್ ಬಿಟ್ಟಿದ್ದರೆ ‘ಸಿ’. ‘ಸಿ’ ಮುಟ್ಟಬೇಡಿ. ಮನೆಯವರು ಒಪ್ಪಿದರೆ ಅದರ ಚಕ್ರ, ಪೆಡಲ್, ಸೀಟು ಬಿಚ್ಚಿ ಬೇರೆಯದಕ್ಕೆ ಹಾಕಿ.

ಇನ್ನೊಂದು ಮಾತು, ಬೇಜಾರು ಮಾಡ್ಕೋಬೇಡಿ. ಗೇರ್ ಸೈಕಲ್ ಓಡಿಸೋರ ಜೇಬಲ್ಲಿರೋ ಅಲೆನ್ ಕೀ ಸೆಟ್ಟು ಅಲ್ಲಿ ಕೆಲಸಕ್ಕೆ ಬರಲ್ಲ. ಬೇಕಾಗಿರೋದು 15ರ ಸ್ಪ್ಯಾನರು, ಉದ್ದ ಹಿಡಿಯ ಅಡ್ಜಸ್ಟಬಲ್ ಸ್ಪ್ಯಾನರು, ತೆಳು ಕೋನ್ ಸ್ಪ್ಯಾನರು, ನಿಪ್ಪಲ್ ಕೀ (ಚಕ್ರದ ಕಡ್ಡಿ ಬಿಗಿ ಮಾಡೋಕೆ), ಅರ್ಧ ಕಿಲೋ ಸುತ್ತಿಗೆ, ಅರ, ಒಂದಡಿ ಕಬ್ಬಿಣದ ಪೈಪು. ಊರಿನ ಸೈಕಲ್ ಶಾಪಿನ ಮೇಸ್ತ್ರಿಯೊಬ್ಬರನ್ನ ದಿನಗೂಲಿ ಕೊಟ್ಟು ಕರ್ಕೊಂಡು ಬನ್ನಿ. ಪುಕ್ಕಟೆ ಕರೀಬೇಡಿ, ಒಂದು ದಿನ ಅಂಗಡಿ ಮುಚ್ಚಿದರೆ ಅವರ ದುಡಿಮೆ ಹೋಗುತ್ತೆ. ಶಿಬಿರ ಮುಗಿದ ಮೇಲೂ ಆ ಮಕ್ಕಳು ಹೋಗೋದು ಅವರ ಹತ್ತಿರಾನೇ.

ಪೈಪು ಕಾಟರ್ ಪಿನ್ನಿಗೆ. ತುಳಿಯುವಾಗ ಒಂದೊಂದು ಸುತ್ತಿಗೂ ‘ಟಕ್’ ಅಂದ್ರೆ ಅಥವಾ ಎರಡು ಪೆಡಲ್ ಒಂದೇ ಗೆರೆಯಲ್ಲಿ ನಿಲ್ಲದಿದ್ರೆ ಪಿನ್ ಸವೆದಿದೆ ಅಂತ ಲೆಕ್ಕ. ತೆಗೆಯೋವಾಗ ನಟ್ಟನ್ನ ಪಿನ್ನಿನ ತುದಿಗೆ ಸಮವಾಗೋವರೆಗೆ ಸಡಿಲಿಸಿ. ಕ್ರ್ಯಾಂಕಿನ ಕೆಳಗೆ, ಪಿನ್ನಿನ ದಪ್ಪ ತಲೆ ಪೈಪಿನೊಳಗೆ ಇಳಿಯೋ ಹಾಗೆ ಪೈಪು ನಿಲ್ಲಿಸಿ, ಮೇಲಿಂದ ಒಂದೇ ಜೋರು ಏಟು ಹಾಕಿ. ಪೈಪಿನ ಆಸರೆ ಇಲ್ಲದೆ ಹೊಡೆದರೆ ಏಟೆಲ್ಲ ಒಳಗಿನ ಬಾಲ್ಸು (ಬೇರಿಂಗಿನ ಉಕ್ಕಿನ ಗುಂಡು), ಅವು ಕೂರೋ ಕಪ್ಪಿನ ಮೇಲೆ ಬೀಳುತ್ತೆ. ಹೆದರಿಕೊಂಡು ಹತ್ತು ಸಣ್ಣ ಏಟು ಕೊಟ್ಟರೆ ಪಿನ್ನಿನ ತುದಿ ಅಣಬೆ ಥರ ಅರಳಿ ಅಲ್ಲೇ ಕಚ್ಚಿಕೊಳ್ಳುತ್ತೆ, ಆಮೇಲೆ ಡ್ರಿಲ್ಲೇ ಗತಿ.

ಹೊಸ ಪಿನ್ನನ್ನೂ ಸುತ್ತಿಗೆಯಿಂದ ಕೂರಿಸಿ, ಆಮೇಲೆ ನಟ್ಟು ಬಿಗಿ ಮಾಡಿ. ನಟ್ಟಿಂದಲೇ ಎಳೆದು ಕೂರಿಸೋಕೆ ಹೋದ್ರೆ ಥ್ರೆಡ್ ಕಿತ್ತುಬರುತ್ತೆ. ಎಡ-ಬಲದ ಪಿನ್ನುಗಳು ಒಂದಕ್ಕೊಂದು ಎದುರು ದಿಕ್ಕಲ್ಲಿ ಕೂರಬೇಕು, ಇಲ್ಲಾಂದ್ರೆ ಪೆಡಲ್ ಸೊಟ್ಟ. ಒಂದೆರಡು ದಿನ ಓಡಿಸಿದ ಮೇಲೆ ನಟ್ಟು ಇನ್ನೊಮ್ಮೆ ಬಿಗಿ ಮಾಡಲೇಬೇಕು. ಅದಕ್ಕೆ ಸ್ಕೂಲಲ್ಲಿ ಒಂದು ಸ್ಪ್ಯಾನರ್ ಬಿಟ್ಟು ಬನ್ನಿ.

ಧಾರವಾಡದಾಂವ:
ಪಂಕ್ಚರಿಂದ ಒಂದು ಮಾತು ಹೇಳ್ತೀನಿ ನೋಡ್ರಿ. ಗಾಳಿ ಇಳಿದದ್ದೆಲ್ಲಾ ಪಂಕ್ಚರ್ ಅಲ್ಲ. ಈ ಸೈಕಲ್‌ದಾಗ ವಾಲ್ವಿನ ಮ್ಯಾಲ ಸಣ್ಣ ರಬ್ಬರ್ ನಳಿಕೆ ಇರ್ತದ, ವಾಲ್ ಟ್ಯೂಬ್ ಅಂತಾರಲ್ಲ, ಅದು ಬಿಸಿಲಿಗೆ ಸೀಳಿ ಗಾಳಿ ಬಿಡ್ತದ. ಬ್ಯಾಸಿಗಿ ಸೂಟಿಯೊಳಗ ನಿಂತ ಸೈಕಲ್‌ಗೆ ಬಹಳಷ್ಟು ಸಲ ಇದ ರೋಗ. ಟೈರ್ ಬಿಚ್ಚೂಕಿಂತ ಮೊದಲ ಗಾಳಿ ತುಂಬಿ, ವಾಲ್ವಿನ ಬಾಯಿಗೆ ಒಂದು ಹನಿ ನೀರು ಹಾಕ್ರಿ. ಗುಳ್ಳಿ ಬಂದ್ರ ರಬ್ಬರ್ ಬದಲಾಯಿಸ್ರಿ, ಅರ್ಧ ನಿಮಿಷದ ಕೆಲಸ. 60 ಸೈಕಲ್ ಅಂದ್ರ 120 ಚಕ್ರ. ಒಂದಕ್ಕ ಎರಡೂವರಿ ಸೆಂಟಿಮೀಟರ್ ಹಿಡದ್ರ 3 ಮೀಟರ್ ಆಗ್ತದ. 5 ಮೀಟರ್ ತರ್ರಿ, ಉಳದದ್ದು ಸಾಲಿಗೆ ಕೊಡ್ರಿ.

ಖರೇನ ಪಂಕ್ಚರ್ ಇದ್ರ ತೂತು ಎಲ್ಲದ ನೋಡ್ರಿ. ಟ್ಯೂಬಿನ ಹೊರಮೈಗಿದ್ರ ಜಾಲಿಮುಳ್ಳು ಇಲ್ಲಾ ಗಾಜು. ಟೈರಿನ ಒಳಗ ಬೆರಳಾಡಿಸಿ ಮುಳ್ಳು ತಗೀಲಿಲ್ಲಾಂದ್ರ ಮರುದಿನ ಮತ್ತ ಅದ ತೂತು. ರಿಮ್ ಕಡೆ ಇದ್ರ ರಿಮ್ ಟೇಪ್ ಹೋಗ್ಯದ, ಚಕ್ರದ ಕಡ್ಡಿ (ಸ್ಪೋಕ್) ತುದಿ ಚುಚ್ಚಾಕತ್ತದ. ಹಳೇ ಟ್ಯೂಬ್ ಉದ್ದಕ ಕತ್ತರಿಸಿ ಪಟ್ಟಿ ಮಾಡಿ ಸುತ್ತಿದ್ರ ಸಾಕು. ಜೋಡಿ ಸೀಳು ಇದ್ರ ಗಾಳಿ ಕಮ್ಮಿ ಇಟಗೊಂಡು ಡಬಲ್ ಹೊಡದಾರ ಅಂತ ತಿಳೀರಿ. ವಾಲ್ವಿನ ಬುಡಕ್ಕ ಹರಿದಿದ್ರ ಪ್ಯಾಚ್ ನಿಲ್ಲೂದಿಲ್ಲ, ಟ್ಯೂಬ್ ಹೊಸಾದ ಬೇಕು.

ಪ್ಯಾಚ್ ಕಿತ್ತು ಬರೂದು ಅವಸರದಿಂದ. ಸ್ಯಾಂಡ್‌ಪೇಪರ್‌ಲೆ ಉಜ್ಜಿ, ಸೊಲ್ಯೂಷನ್ (ಪ್ಯಾಚಿನ ಅಂಟು) ತೆಳ್ಳಗ ಹಚ್ಚಿ, ಐದು ನಿಮಿಷ ಬಿಡ್ರಿ. ಬೆರಳಿಗೆ ಅಂಟು ಹತ್ತಬಾರದು, ಆಮ್ಯಾಲ ಒತ್ತಬೇಕು. ಹಸಿ ಇದ್ದಾಗ ಒತ್ತಿದ್ರ ಅದು ಹಿಡಿಯೂದಿಲ್ಲ. ಹಿಂಗಾಗಿ ಒಬ್ಬರಿಗೆ ನಾಕು ಟ್ಯೂಬ್ ಒಮ್ಮಿಗೆ ಕೊಡ್ರಿ, ಒಂದು ಒಣಗೂದ್ರಾಗ ಇನ್ನೊಂದು ಉಜ್ಜತಾರ.

ಗಾಳಿಪಂಪು:
ಇಬ್ಬರಿಗೂ ಥ್ಯಾಂಕ್ಸ್. ನಿನ್ನೆ ನೋಡ್ಕೊಂಡು ಬಂದ್ವಿ. ‘ಎ’ 40, ‘ಬಿ’ 15, ‘ಸಿ’ 5. ಅರ್ಧಕ್ಕರ್ಧ ಸೈಕಲ್‌ಗಳಲ್ಲಿ ಕಡ್ಡಿ ಬ್ರೇಕು, ಅಂದ್ರೆ ಕೇಬಲ್ ಬದಲು ಕಬ್ಬಿಣದ ಕಡ್ಡಿ ಎಳೆದು ರಿಮ್ಮಿನ ಒಳಮೈಗೆ ರಬ್ಬರ್ ಒತ್ತೋ ಥರದ್ದು. ಕೆಲವು ಚಕ್ರ ಕೈಯಲ್ಲಿ ಅಲ್ಲಾಡಿಸಿದರೆ ಗಡಗಡ ಅಂತಾವೆ, ಕೆಲವು ತಿರುಗೋದೇ ಕಷ್ಟ.

ಬಾಲ್ಸು_ಗ್ರೀಸು:
ಮೊದಲು ಸಮಯದ ಲೆಕ್ಕ. ಇಬ್ಬರು ಜೋಡಿಯಾಗಿ ಕೂತರೆ ‘ಎ’ ಒಂದಕ್ಕೆ ಅರ್ಧ ಗಂಟೆ, ‘ಬಿ’ ಒಂದಕ್ಕೆ ಒಂದೂವರೆ ಗಂಟೆ ಹಿಡೀರಿ. ‘ಎ’ 40ಕ್ಕೆ 20 ಗಂಟೆ, ‘ಬಿ’ 15ಕ್ಕೆ ಇಪ್ಪತ್ತೆರಡೂವರೆ ಗಂಟೆ, ಒಟ್ಟು ನಲವತ್ತೆರಡೂವರೆ. ಊಟ ಬಿಟ್ಟು ಆರು ಗಂಟೆ ಕೆಲಸ ಅಂದ್ರೆ ಏಳು ಜೋಡಿಗೂ ಸ್ವಲ್ಪ ಮೀರುತ್ತೆ. 14 ಜನರಲ್ಲಿ ಒಬ್ಬರು ಸಾಮಾನು ಕೊಡೋಕೆ, ಒಬ್ಬರು ಕೊನೆಯ ಪರೀಕ್ಷೆಗೆ ಬೇಕು. ಹಾಗಾಗಿ ಇನ್ನೂ ನಾಲ್ಕು ಜನರನ್ನ ಸೇರಿಸಿ, ಇಲ್ಲ ‘ಬಿ’ಯಲ್ಲಿ ಐದಾರನ್ನ ಮುಂದಿನ ವಾರಕ್ಕೆ ಬಿಡಿ. ಸಂಜೆ ಆರಕ್ಕೆ ಬಿಚ್ಚಿಟ್ಟ ಹಬ್ಬು ಮುಂದಿಟ್ಟುಕೊಂಡು ಟಾರ್ಚ್ ಹಿಡಿಯೋ ಪರಿಸ್ಥಿತಿ ಬೇಡ.

ಗಡಗಡ ಅಂದ್ರೆ ಕೋನು (ಆ್ಯಕ್ಸಲ್ ಮೇಲೆ ಬಾಲ್ಸನ್ನ ಒತ್ತಿ ಹಿಡಿಯೋ ನಟ್ಟು) ಸಡಿಲ, ತಿರುಗದಿದ್ರೆ ಕೋನು ಬಿಗಿ ಅಥವಾ ಗ್ರೀಸು ಒಣಗಿದೆ. ಆ್ಯಕ್ಸಲ್ ಬಿಚ್ಚೋವಾಗ ಕೆಳಗೆ ತಟ್ಟೆ ಇಡಿ, ಬಾಲ್ಸು ಮಣ್ಣಲ್ಲಿ ಬಿದ್ದರೆ ಸಿಗಲ್ಲ. ಮುಂದಿನ ಹಬ್ಬಿಗೆ ಸಾಮಾನ್ಯವಾಗಿ 3/16 ಇಂಚಿನವು ಒಂದು ಕಡೆಗೆ 10, ಹಿಂದಿನದಕ್ಕೆ 1/4 ಇಂಚಿನವು ಒಂದು ಕಡೆಗೆ 9. ತೆಗೆಯೋವಾಗ ಎಣಿಸಿ, ಮೊದಲೇ ಯಾರೋ ಕಡಿಮೆ ಹಾಕಿರಬಹುದು. ಹಳೇ ಬಾಲ್ಸಿನ ಜೊತೆ ಹೊಸದನ್ನ ಬೆರೆಸಬೇಡಿ, ಸವೆದದ್ದು ಸಣ್ಣಗಾಗಿರುತ್ತೆ, ಭಾರವೆಲ್ಲ ಹೊಸದರ ಮೇಲೆ ಕೂರುತ್ತೆ. ಪ್ರತಿ ಸೈಜಲ್ಲೂ 144ರ ಪ್ಯಾಕೆಟ್ ಒಂದು ತಂದರೆ ಮುಂದಿನ ಹಬ್ಬು ಏಳು, ಹಿಂದಿನದು ಎಂಟು ಆಗುತ್ತೆ.

ಸೀಮೆಎಣ್ಣೆ ಸಿಗದಿದ್ರೆ ಡೀಸೆಲಲ್ಲಿ ತೊಳೆದು, ಒರೆಸಿ, ಗ್ರೀಸಲ್ಲಿ ಬಾಲ್ಸು ಕೂರಿಸಿ. ಕೋನನ್ನ ಬೆರಳಲ್ಲಿ ಬಿಗಿಯಾಗೋವರೆಗೆ ತಿರುಗಿಸಿ, ಅಲ್ಲಿಂದ ಸುತ್ತಿನ ಎಂಟನೇ ಒಂದು ಭಾಗ ಹಿಂದಕ್ಕೆ ಬಿಟ್ಟು ಅದು ತಿರುಗದ ಹಾಗೆ ಹಿಡಿಯೋ ಚೆಕ್ ನಟ್ಟು ಹಾಕಿ. ಸರಿ ಆಯ್ತಾ ಅಂತ ತಿಳಿಯೋದು ಹೀಗೆ: ಚಕ್ರ ಮೇಲೆತ್ತಿ ವಾಲ್ವು ಪಕ್ಕಕ್ಕೆ ಬರೋ ಹಾಗೆ ಬಿಡಿ. ವಾಲ್ವಿನ ತೂಕಕ್ಕೆ ಅದು ತಾನೇ ನಿಧಾನ ಕೆಳಗಿಳಿದು, ಆಚೀಚೆ ತೂಗಿ ನಿಲ್ಲಬೇಕು. ಪಕ್ಕದಲ್ಲೇ ನಿಂತರೆ ಬಿಗಿ. ರಿಮ್ ಹಿಡಿದು ಅಲ್ಲಾಡಿಸಿದಾಗ ‘ಕಟ್ ಕಟ್’ ಅಂದರೆ ಸಡಿಲ.

ಕಡ್ಡಿ ಬ್ರೇಕಿನ ವಿಷಯ ನಿಮ್ಮವರಿಗೆ ಹೊಸದು ಅನ್ಸುತ್ತೆ. ಅದಕ್ಕೆ ರಿಮ್ಮು ಎಡಬಲಕ್ಕೆ ಸ್ವಲ್ಪ ವಾಲಿದರೂ ನಡೆಯುತ್ತೆ, ಮೇಲೆ-ಕೆಳಗೆ ಎಗರಬಾರದು. ಎಗರಿದ ಕಡೆ ಬ್ರೇಕು ಕಚ್ಚಿ ಎಳೆಯುತ್ತೆ. ರಿಮ್ಮು ಸರಿ ಮಾಡೋವಾಗ ಚಕ್ರದ ಕಡ್ಡಿಯ ನಿಪ್ಪಲನ್ನ ಒಂದು ಸಲಕ್ಕೆ ಕಾಲು ಸುತ್ತು ಮಾತ್ರ ತಿರುಗಿಸಿ. ಒಂದು ಸೈಕಲ್‌ಗೆ ನಾಲ್ಕು ರಬ್ಬರ್, ಎಲ್ಲಕ್ಕೂ ಬದಲಾಯಿಸೋ ಅಗತ್ಯ ಇರಲ್ಲ. ಕಡ್ಡಿ ಬ್ರೇಕಿಗೆ 60, ಕೇಬಲ್ ಬ್ರೇಕಿಗೆ 60 ತನ್ನಿ, ಒಂದರದ್ದು ಇನ್ನೊಂದಕ್ಕೆ ಆಗಲ್ಲ.

ಚೈನು ಮಧ್ಯದಲ್ಲಿ ಒಂದರಿಂದ ಒಂದೂವರೆ ಸೆಂಟಿಮೀಟರ್ ಮೇಲೆ-ಕೆಳಗೆ ಆಡಬೇಕು. ಎಣ್ಣೆ ಕೊಂಡಿಗೊಂದು ಹನಿ, ಆಮೇಲೆ ಬಟ್ಟೆಯಲ್ಲಿ ಒರೆಸಿ. ಸ್ಪ್ರೇ ಬೇಡ, ರಿಮ್ಮಿಗೆ ಹಾರಿದರೆ ಬ್ರೇಕು ಹಿಡಿಯಲ್ಲ. ಕೊಬ್ಬರಿ ಎಣ್ಣೆ ತಂದು ಹಾಕೋ ಮಕ್ಕಳು ಇರ್ತಾರೆ, ಅದು ಧೂಳು ಕೂಡಿ ಅಂಟಾಗುತ್ತೆ ಅಂತ ಹೇಳಿ.

ಕೊನೆಯ ಪರೀಕ್ಷೆ ರಿಪೇರಿ ಮಾಡಿದವರು ಮಾಡಬಾರದು, ಬೇರೆಯವರು ಮಾಡಲಿ. ಎರಡು ಬ್ರೇಕು, ಚಕ್ರದ ನಟ್ಟು, ಹ್ಯಾಂಡಲ್ ಬಿಗಿ, ಬೆಲ್ಲು. ಹ್ಯಾಂಡಲ್ ನೋಡೋಕೆ ಮುಂದಿನ ಚಕ್ರವನ್ನ ಮೊಣಕಾಲಲ್ಲಿ ಹಿಡಿದು ತಿರುಚಿ. ಹಿಂದಿನ ಮಡ್‌ಗಾರ್ಡಿಗೆ ಕೆಂಪು ರಿಫ್ಲೆಕ್ಟರ್ ಟೇಪು ಮರೀಬೇಡಿ, ಎಸ್ಸೆಸ್ಸೆಲ್ಸಿ ಮಕ್ಕಳು ಸ್ಪೆಷಲ್ ಕ್ಲಾಸ್ ಮುಗಿಸಿ ಕತ್ತಲಲ್ಲಿ ಹೋಗ್ತಾರೆ.

ಗಾಳಿಪಂಪು:
ನಾಲ್ಕು ಜನರನ್ನ ಸೇರಿಸ್ತೀವಿ, ಮೇಸ್ತ್ರಿಯೊಬ್ಬರು ಸಿಕ್ಕಿದ್ದಾರೆ. ಇನ್ನೊಂದು ಡೌಟು: ಚೀಟಿಗಳಲ್ಲಿ 26 ಇಂಚು ಅಂತ 22 ಸೈಕಲ್‌ಗೆ ಬರೆದಿದ್ದೀವಿ. 26ರ ಟೈರು ಎಂಟು ತಂದರೆ ಸಾಕಲ್ವಾ?

ಕಾಟರ್‌ಪಿನ್:
26 ಅಂತ ಮಾತ್ರ ಬರೆದಿದ್ದರೆ ಸಾಲದು. 26 x 1⅜ ಟೈರಿನ ಒಳವ್ಯಾಸ 590 ಮಿಮೀ, 26 x 1½ ಆದರೆ 584, ಎಂಟಿಬಿ (ಮೌಂಟನ್ ಬೈಕ್) ಥರದ 26 x 1.95 ಆದರೆ 559. ಒಂದರ ರಿಮ್ಮಿಗೆ ಇನ್ನೊಂದು ಕೂರಲ್ಲ. 590ರ ಟೈರು 584ರ ರಿಮ್ಮಿಗೆ ಹೇಗೋ ಕೂತಂತೆ ಕಂಡರೂ ಗಾಳಿ ತುಂಬಿದಾಗ ಹಾರುತ್ತೆ. ಟೈರಿನ ಪಕ್ಕದಲ್ಲಿ 37-590, 40-635 ಅಂತ ಅಚ್ಚಾಗಿರುತ್ತೆ, ಎರಡನೇ ಸಂಖ್ಯೆ ನೋಡಿ. ದೊಡ್ಡ ಹಳೇ ಸೈಕಲ್‌ದು 28 x 1½, ಅಂದ್ರೆ 635. ಅಚ್ಚು ಸವೆದಿದ್ದರೆ ಹಳೇ ಟೈರನ್ನೇ ಅಂಗಡಿಗೆ ತಗೊಂಡು ಹೋಗಿ. ಬಳಸದೆ ಉಳಿದದ್ದನ್ನ ವಾಪಸ್ ತಗೋತಾರಾ ಅಂತ ಮೊದಲೇ ಕೇಳಿಕೊಳ್ಳಿ.

ಸ್ಕೂಲಿಗೆ ಬಿಟ್ಟು ಬರೋ ಡಬ್ಬಿಯಲ್ಲಿ ಪಂಪು, ಸೊಲ್ಯೂಷನ್, ವಾಲ್ ಟ್ಯೂಬು, ಟೈರ್ ಲಿವರ್ ಎರಡು, ಸ್ಪ್ಯಾನರು ಇರಲಿ. ಅದನ್ನ ನೋಡ್ಕೊಳ್ಳೋಕೆ ಎಂಟು-ಒಂಬತ್ತನೇ ಕ್ಲಾಸಿನವರಿಗೇ ಕಲಿಸಿ. ಹತ್ತನೆಯವರು ಮಾರ್ಚಿಗೆ ಹೊರಟುಬಿಡ್ತಾರೆ.