ಪದ ಬೇಕು: ಗ್ಲೈಕೋಜನ್ ಕಟ್ಟುವಾಗಿನ ‘ಪ್ರೈಮರ್’ಗೆ ಕನ್ನಡದಲ್ಲಿ ಏನನ್ನೋಣ?

ಬದಿಯಡ್ಕದಿಂದ:
ಶಾಸ್ತ್ರಮೇಳದ ಫಲಕ ನಾಳೆ ಬೆಳಿಗ್ಗೆ ಪ್ರಿಂಟಿಗೆ ಹೋಗಬೇಕು. ಕನ್ನಡ ಮಾಧ್ಯಮದ ಹೈಸ್ಕೂಲು ಮಕ್ಕಳಿಗೆ. ಗ್ಲೈಕೋಜನ್ ಅಂದರೆ ದೇಹ ಕೂಡಿಡುವ ಗ್ಲೂಕೋಸಿನ ಸರಪಳಿ. ಅದನ್ನು ಕಟ್ಟುವ ಕಿಣ್ವ (ಎನ್‌ಜೈಮ್) ಗ್ಲೈಕೋಜನ್ ಸಿಂಥೇಸ್ ಬರಿಗೈಯಲ್ಲಿ ಕೆಲಸ ಶುರುಮಾಡದು, ಇರುವ ಸರಪಳಿಯ ತುದಿಗಷ್ಟೇ ಗ್ಲೂಕೋಸ್ ಸೇರಿಸುತ್ತದೆ. ಆ ಮೊದಲ ಸಣ್ಣ ಸರಪಳಿಯನ್ನು ಗ್ಲೈಕೋಜೆನಿನ್ ಎಂಬ ಇನ್ನೊಂದು ಕಿಣ್ವ ತನ್ನ ಮೈಮೇಲೇ ಕಟ್ಟಿಕೊಳ್ಳುತ್ತದೆ. ಅದೇ ಪ್ರೈಮರ್. ಹಾಗೇ ಬರೆದರೆ ಗೋಡೆಗೆ ಬಳಿಯುವುದು ನೆನಪಾಗುತ್ತದೆ. ‘ಬೀಜ’ ಆದೀತೇ?

ಪೆರ್ಲದಿಂದ:
ಹೆಪ್ಪು. ಮನೆಮನೆಯಲ್ಲಿರುವ ಪದ, ಹುಡುಕುವುದೇನಿದೆ? ತೆಲುಗಿನ ಪೇರುಕೊನು ಇದರ ಒಡಹುಟ್ಟು. ನಮ್ಮಲ್ಲಿ ಪಕಾರ ಹಕಾರವಾಗಿದೆ, ಅಷ್ಟೆ. ಜೊತೆಗೆ ಆ ‘ಕಿಣ್ವ’ವನ್ನೂ ಫಲಕದಿಂದ ತೆಗೆಯಿರಿ. ಕೌಟಿಲ್ಯನಲ್ಲಿ ಅದು ಸುರೆ ಹುಳಿಸಲು ಹಾಕುವ ವಸ್ತು.

ಹೊಸೂರಿನಿಂದ:
ಹೆಪ್ಪು ಸಲ್ಲದು. ಹೆಪ್ಪಿನ ಬ್ಯಾಕ್ಟೀರಿಯಾ ಹಾಲಿಡೀ ಹರಡಿ ಹೆಚ್ಚುತ್ತದೆ, ಇಂದಿನ ಮೊಸರೇ ನಾಳೆಗೆ ಹೆಪ್ಪು. ಗ್ಲೈಕೋಜೆನಿನ್ ಹೆಚ್ಚುವುದಿಲ್ಲ, ಗ್ಲೈಕೋಜನ್ ಕಣದ ನಡುವೆಯೇ ಸಿಕ್ಕಿಕೊಂಡಿರುತ್ತದೆ. ಬೀಜವೂ ಬೇಡ, ಬೀಜದೊಳಗೆ ಗಿಡ ಅಡಗಿರುತ್ತದೆ, ಇಲ್ಲಿ ಪ್ರತಿ ಗ್ಲೂಕೋಸೂ ಹೊರಗಿಂದ ಬರಬೇಕು.

ನಡೆಯುವ ಕ್ರಮ ನೋಡಿಯೇ ಪದ ಆರಿಸಿ. ಯುಡಿಪಿ-ಗ್ಲೂಕೋಸ್ ಎಂಬ ಅಣು ಹೊತ್ತು ತಂದ ಮೊದಲ ಗ್ಲೂಕೋಸ್ ಗ್ಲೈಕೋಜೆನಿನ್‌ನ ಒಂದು ಟೈರೋಸಿನ್ ಅಮೈನೋ ಆಮ್ಲಕ್ಕೆ (ಮನುಷ್ಯರಲ್ಲಿ 195ನೆಯದು) ಅಂಟುತ್ತದೆ. ಹಿಡಿಯುವುದು ಆ ಟೈರೋಸಿನ್‌ನ ಆಮ್ಲಜನಕ. ಆ ಜಾಗದಲ್ಲಿ ಫೀನೈಲಲನೀನ್ ಎಂಬ ಬೇರೆ ಅಮೈನೋ ಆಮ್ಲ ಬಂದರೆ ಹಿಡಿಯಲು ಆ ಆಮ್ಲಜನಕವೇ ಇಲ್ಲ, ಅಲ್ಲಿಗೇ ನಿಂತಿತು. ಮ್ಯಾಂಗನೀಸ್ ಅಯಾನೂ ಬೇಕು. ಮುಂದೆ ಒಂದೊಂದಾಗಿ ಆಲ್ಫಾ-1,4 ಬಂಧ (ಸರಪಳಿಯನ್ನು ಉದ್ದಕ್ಕೆ ಜೋಡಿಸುವುದು), ಸುಮಾರು 8ರಿಂದ 12 ಗ್ಲೂಕೋಸಿನ ತನಕ. ಅಷ್ಟುದ್ದವಾದ ಮೇಲೆ ಸಿಂಥೇಸ್ ಕೈಹಾಕುತ್ತದೆ. ಕವಲು ಕಿಣ್ವ ಬೆಳೆದ ಸರಪಳಿಯಿಂದ ಸುಮಾರು 7 ಗ್ಲೂಕೋಸಿನ ತುಂಡನ್ನು ಕತ್ತರಿಸಿ ಆಲ್ಫಾ-1,6 ಬಂಧದಲ್ಲಿ ಕವಲಾಗಿ ಕೂಡಿಸುತ್ತದೆ. ಫಲಕದಲ್ಲಿ ಈ ಎರಡು ಬಂಧಗಳಿಗೆ ಬೇರೆ ಬೇರೆ ಬಣ್ಣ ಕೊಡಿ.

ಅಕ್ಕಲಕೋಟೆಯಿಂದ:
ಹಾಗಿದ್ದರೆ ‘ಮೊದಲೆಳೆ’. ಉದ್ದಕ್ಕೆ ಹೋಗುವುದು ಎಳೆ, ಮುಂದಿನದೆಲ್ಲ ಅದರ ತುದಿಗೇ ಸೇರುವುದು. ಡಿಎನ್‌ಎ ನಕಲಾಗುವಾಗಿನ ಪ್ರೈಮರಿಗೂ ಹೊಂದುತ್ತದೆ. ‘ಆರಂಭಕ’ ಅಂದರೆ ಮೋಟಾರಿನ ಸ್ಟಾರ್ಟರೂ ಆದೀತು.

ಪೆರ್ಲದಿಂದ:
ಮೊದಲೆಳೆ ಒಪ್ಪಿದೆ. ಕಿಣ್ವ ಒಪ್ಪಲಾರೆ. ತಮಿಳರು ಎನ್‌ಜೈಮಿಗೆ ನೊದಿ ಎಂದು ತಮ್ಮದನ್ನೇ ಕಟ್ಟಿಕೊಂಡರು. ನಮಗೇಕೆ ಆಗದು?

ಹೊಸೂರಿನಿಂದ:
ನೊದಿಯ ಮೂಲದಲ್ಲಿರುವುದೂ ಹುಳಿಯುವುದೇ. ಹುಳಿಸುವ ಅರ್ಥ ಅಲ್ಲಿ ಸಲ್ಲುತ್ತದೆ, ಇಲ್ಲಿ ಸಲ್ಲದು ಎಂದರೆ ಹೇಗೆ? ಕಿಣ್ವ ನಮ್ಮ ಪಠ್ಯಪುಸ್ತಕಗಳಲ್ಲಿ ಬೇರೂರಿದ ಪದ, ಕಿತ್ತರೆ ಪರೀಕ್ಷೆ ಬರೆಯುವ ಮಕ್ಕಳಿಗೆ ತೊಂದರೆ. ಕಾಸರಗೋಡಿನಲ್ಲಿ ನಿಜವಾಗಿ ಕಾಯಬೇಕಾದದ್ದು ಬೇರೆ: ಕಿಣ್ವಕ್ಕೆ ಮಲಯಾಳ ಪಾಠದಲ್ಲಿರುವ ‘ರಾಸಾಗ್ನಿ’ ಅನುವಾದದಲ್ಲಿ ಹಾಗೇ ನುಸುಳಬಾರದು. ಮಕ್ಕಳು ಬೆಂಕಿ ಎಂದುಕೊಂಡಾರು.

ಮಾಷ್ಟ್ರೇ, ಇನ್ನೊಂದು. ‘ಗ್ಲೈಕೋಜೆನಿನ್ ಇಲ್ಲದೆ ಗ್ಲೈಕೋಜನ್ ಆಗುವುದೇ ಇಲ್ಲ’ ಎಂದು ಬರೆಯಬೇಡಿ. 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಗ್ಲೈಕೋಜೆನಿನ್ ಜೀನನ್ನೇ ತೆಗೆದ ಇಲಿಗಳಲ್ಲಿ ಹೆಚ್ಚಿನವು ಹುಟ್ಟಿದ ಆಸುಪಾಸಿನಲ್ಲೇ ಸತ್ತವು, ಆದರೆ ಉಳಿದವುಗಳ ಸ್ನಾಯುವಿನಲ್ಲಿ ಗ್ಲೈಕೋಜನ್ ಕಡಿಮೆಯಾಗಲಿಲ್ಲ, ಹೆಚ್ಚಿತು. ‘ಸಾಮಾನ್ಯವಾಗಿ’ ಎಂಬ ಒಂದು ಮಾತು ಸೇರಿಸಿ.

ಬದಿಯಡ್ಕದಿಂದ:
ಹೀಗೆ ಕಳಿಸುತ್ತಿದ್ದೇನೆ: ‘ಸಾಮಾನ್ಯವಾಗಿ ಗ್ಲೈಕೋಜೆನಿನ್ ಎಂಬ ಕಿಣ್ವ ತನ್ನ ಮೇಲೆಯೇ ಮೊದಲೆಳೆ ಕಟ್ಟುತ್ತದೆ; ಸಿಂಥೇಸ್ ಅದನ್ನು ಉದ್ದ ಮಾಡುತ್ತದೆ.’ ಗ್ಲೈಕೋಜನ್, ಗ್ಲೈಕೋಜೆನಿನ್ ಒಂದೇ ಎಂದು ಡಿಟಿಪಿಯವರು ತಿದ್ದಿಬಿಡುವ ಭಯವಿದೆ, ಅದಕ್ಕೆ ಎರಡನೆಯದನ್ನು ದಪ್ಪಕ್ಷರದಲ್ಲಿ ಹಾಕಿಸುತ್ತೇನೆ.