ಕರೆಂಟ್ ಇಲ್ಲದ ಕಾಫಿ ತೋಟಕ್ಕೆ ಸಿಸಿಟಿವಿ: ಯಾವ ಕೇಬಲ್ ಎಳೆಯಬೇಕು?

ತೋಟದಮನೆ:
ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ಕಡೆಯ ಎಂಟು ಎಕರೆ ಕಾಫಿ ತೋಟ, ಲೈನ್ ಕರೆಂಟ್ ಬಂದಿಲ್ಲ. ಮನೆಯಲ್ಲಿ ಸೋಲಾರ್, 24 ವೋಲ್ಟ್ 200 ಆಂಪಿಯರ್ ಅವರ್ ಲಿಥಿಯಂ ಬ್ಯಾಟರಿ ಇದೆ. ರೆಕಾರ್ಡರ್ ಮನೆಯಲ್ಲೇ ಇರುತ್ತದೆ. ಅಲ್ಲಿಂದ ಕಣಕ್ಕೆ 60 ಮೀಟರ್ (ಎರಡು ಕ್ಯಾಮೆರಾ), ಪಂಪ್ ಶೆಡ್ಡಿಗೆ 160, ಗೇಟಿಗೆ 420 ಮೀಟರ್. ಅನಲಾಗ್ ಎಚ್‌ಡಿ ಕ್ಯಾಮೆರಾ, ಎಲ್ಲ ಕಡೆಗೂ 3+1 ಕೇಬಲ್ (ಚಿತ್ರಕ್ಕೆ ಒಂದು ಕೋಆಕ್ಸಿಯಲ್, ಜೊತೆಗೆ ಪವರ್-ಆಡಿಯೋಗೆ ಮೂರು ಸಣ್ಣ ವೈರ್), ಮನೆಯಿಂದಲೇ 12 ವೋಲ್ಟ್ ಸಪ್ಲೈ ಎಂದು ಕೊಟೇಶನ್ ಬಂದಿದೆ. ಒಪ್ಪಬಹುದೇ?

ವೈರಿಂಗ್_ಹಾಸನ:
ಒಪ್ಪಬೇಡಿ ಸರ್. 12 ವೋಲ್ಟನ್ನು ದೂರ ಕಳಿಸುವುದೇ ಇಲ್ಲಿನ ತೊಂದರೆ. ಲೆಕ್ಕ ನೋಡಿ: 1.5 ಸ್ಕ್ವೇರ್ ಎಂಎಂ ತಾಮ್ರದ ವೈರ್ ಕಿಲೋಮೀಟರಿಗೆ ಸುಮಾರು 13.3 ಓಮ್. ಗೇಟಿಗೆ ಹೋಗಿ ಬರುವ ದಾರಿ 840 ಮೀಟರ್, ಅಂದರೆ 11 ಓಮ್ ಚಿಲ್ಲರೆ. ಅಷ್ಟು ರೆಸಿಸ್ಟೆನ್ಸ್ ಮೂಲಕ 12 ವೋಲ್ಟಿನಿಂದ ಆ ತುದಿಯಲ್ಲಿ ಸಿಗಬಹುದಾದ ಪವರ್ ಹೆಚ್ಚೆಂದರೆ 3 ವ್ಯಾಟ್ ಚಿಲ್ಲರೆ. ರಾತ್ರಿ ಐಆರ್ (ಕತ್ತಲಲ್ಲಿ ಕಾಣಲು ಇರುವ ಇನ್ಫ್ರಾರೆಡ್ ದೀಪ) ಹೊತ್ತಿದಾಗ ಕ್ಯಾಮೆರಾ ಕೇಳುವುದು 6ರಿಂದ 8 ವ್ಯಾಟ್. 3+1ರ ಒಳಗಿನ ಪವರ್ ವೈರ್ ಇದಕ್ಕಿಂತ ಎಷ್ಟೋ ಸಣ್ಣದು. ಹಗಲು ಚಿತ್ರ ಚೆನ್ನಾಗಿ ಬಂದು, ಕತ್ತಲಾದ ಮೇಲೆ ಕ್ಯಾಮೆರಾ ಪದೇಪದೇ ರೀಸ್ಟಾರ್ಟ್ ಆಗುತ್ತಿದ್ದರೆ ಮೊದಲು ಅನುಮಾನಿಸಬೇಕಾದದ್ದು ಈ ವೋಲ್ಟೇಜ್ ಡ್ರಾಪನ್ನೇ, ಅಂದರೆ ವೈರಿನ ದಾರಿಯಲ್ಲೇ ವೋಲ್ಟ್ ಕುಸಿಯುವುದನ್ನೇ.

ಐಪಿ (ನೆಟ್‌ವರ್ಕ್) ಕ್ಯಾಮೆರಾ, ಪಿಒಇ (ಒಂದೇ ನೆಟ್‌ವರ್ಕ್ ಕೇಬಲಿನಲ್ಲಿ ಚಿತ್ರ, ಕರೆಂಟು ಎರಡೂ) ತೆಗೆದುಕೊಳ್ಳಿ. ಅದು 48 ವೋಲ್ಟ್ ಆಸುಪಾಸು. 6 ವ್ಯಾಟಿಗೆ ಕಾಲು ಆಂಪಿಯರ್ ಕೂಡ ಹರಿಯುವುದಿಲ್ಲ, 100 ಮೀಟರ್ ಕ್ಯಾಟ್6 ನೆಟ್‌ವರ್ಕ್ ಕೇಬಲಿನಲ್ಲಿ ಡ್ರಾಪ್ ಒಂದು ವೋಲ್ಟ್ ಅಷ್ಟೇ. ಕಣಕ್ಕೆ ಒಂದೊಂದು ಕ್ಯಾಮೆರಾಕ್ಕೆ ಒಂದೊಂದು ಕ್ಯಾಟ್6 ಸಾಕು. ಹೊರಗೆ ಹಾಕುವಂಥದ್ದು, ಕಪ್ಪು ಪಿಇ ಹೊದಿಕೆಯದ್ದೇ ಬೇಕು; ಒಳಾಂಗಣದ ಬೂದು ಪಿವಿಸಿ ಬಿಸಿಲಿಗೆ ಸೀಳುತ್ತದೆ.

ಕೇಬಲ್ ಶುದ್ಧ ತಾಮ್ರದ್ದಾಗಿರಬೇಕು. ಅಲ್ಯೂಮಿನಿಯಂ ಮೇಲೆ ತಾಮ್ರ ಬಳಿದ ಸಿಸಿಎ ಅಗ್ಗಕ್ಕೆ ಸಿಗುತ್ತದೆ, ಆದರೆ ರೆಸಿಸ್ಟೆನ್ಸ್ ಒಂದೂವರೆ ಪಟ್ಟು, ನೀರು ತಾಗಿದ ಕಡೆ ಪುಡಿಯಾಗುತ್ತದೆ. ಬ್ಲೇಡಿನಿಂದ ಕೆರೆಯಿರಿ, ಒಳಗೆ ಬೆಳ್ಳಗೆ ಕಂಡರೆ ವಾಪಸ್ ಕೊಡಿ. ಇನ್ನೂ ಖಚಿತ ಬೇಕಾದರೆ ಕೇಬಲಿನೊಳಗಿನ ಒಂದು ಜೋಡಿ ವೈರಿನ ಆ ತುದಿ ಸೇರಿಸಿ, ಈ ತುದಿಯಲ್ಲಿ ಮಲ್ಟಿಮೀಟರ್ ಇಡಿ: 100 ಮೀಟರಿಗೆ 23 ಗೇಜ್ (ಗೇಜ್ ಸಂಖ್ಯೆ ಕಡಿಮೆಯಾದಷ್ಟೂ ವೈರ್ ದಪ್ಪ) ಆದರೆ 13–14 ಓಮ್, 24 ಗೇಜ್ ಆದರೆ 17ರ ಹತ್ತಿರ. 19 ದಾಟಿದರೆ ಆ ಕೇಬಲ್ ಬೇಡ.

ಮಲೆನಾಡ್_ಫೈಬರ್:
ಕಣದ ಮಟ್ಟಿಗೆ ಮೇಲಿನವರ ಮಾತು ಸರಿ. ಗೇಟಿಗೆ ಮಾತ್ರ ತಾಮ್ರ ಬೇಡವೇ ಬೇಡ. ಈಥರ್ನೆಟ್ ಮಿತಿ 100 ಮೀಟರ್ ಎಂಬುದು ಒಂದು ಕಾರಣ; ಅದಕ್ಕಿಂತ ದೊಡ್ಡದು ಸಿಡಿಲು. ಏಪ್ರಿಲ್–ಮೇ ಗುಡುಗು ಮಳೆಯಲ್ಲಿ ಹತ್ತಿರದ ಮರಕ್ಕೆ ಸಿಡಿಲು ಬಡಿದರೂ 400 ಮೀಟರ್ ತಾಮ್ರದಲ್ಲಿ ಏಳುವ ಸರ್ಜ್ (ದಿಢೀರ್ ವೋಲ್ಟೇಜ್ ಏರಿಕೆ) ಸ್ವಿಚ್ಚು, ರೆಕಾರ್ಡರ್ ಎರಡನ್ನೂ ಸುಡಬಲ್ಲದು.

ಸಿಂಗಲ್ ಮೋಡ್ ಫೈಬರ್, 4 ಕೋರ್ (ಗಾಜಿನ ಎಳೆ), ಲೋಹವಿಲ್ಲದ್ದು, ಅಂದರೆ ಒಳಗೆ ಎಫ್‌ಆರ್‌ಪಿ (ಗಾಜುನಾರಿನ ಪ್ಲಾಸ್ಟಿಕ್) ಕಡ್ಡಿ ಇರುವುದನ್ನು ಕೇಳಿ. ಉಕ್ಕಿನ ತಂತಿಯ ಡ್ರಾಪ್ ಕೇಬಲ್ ಹಾಕಿದರೆ ಸಿಡಿಲಿಗೆ ಮತ್ತೆ ದಾರಿ ಕೊಟ್ಟಂತೆ. ಒಂದೇ ಕೋರಿನಲ್ಲಿ ಓಡುವ ಮೀಡಿಯಾ ಕನ್ವರ್ಟರ್ (ಫೈಬರಿನ ಬೆಳಕನ್ನು ನೆಟ್‌ವರ್ಕ್ ಸಿಗ್ನಲ್ಲಾಗಿ, ಸಿಗ್ನಲ್ಲನ್ನು ಬೆಳಕಾಗಿ ಬದಲಿಸುವ ಪೆಟ್ಟಿಗೆ) ಜೋಡಿಯಾಗಿ ಬರುತ್ತವೆ: ಒಂದು 1310 ನ್ಯಾನೋಮೀಟರ್ ಬೆಳಕಿನಲ್ಲಿ ಕಳಿಸುತ್ತದೆ, ಇನ್ನೊಂದು 1550ರಲ್ಲಿ. ಎರಡೂ ಒಂದೇ ಬಗೆಯದಾದರೆ ಲಿಂಕ್ ಲೈಟ್ ಹತ್ತುವುದೇ ಇಲ್ಲ. ಪೇಟೆಯ ಕೇಬಲ್ ಟಿವಿಯವರ ಹತ್ತಿರ ಸ್ಪ್ಲೈಸಿಂಗ್ (ಫೈಬರ್ ಬೆಸೆಯುವ) ಮೆಷಿನ್ ಇರುತ್ತದೆ, ಅವರಿಂದಲೇ ಎರಡೂ ತುದಿಗೆ ಪಿಗ್‌ಟೇಲ್ (ತುದಿಗೆ ಕನೆಕ್ಟರ್ ಇರುವ ಫೈಬರ್ ತುಂಡು) ಹಾಕಿಸಿ. ಅವರು ಹೆಚ್ಚಾಗಿ ಬಳಸುವುದು ಹಸಿರು ಎಪಿಸಿ ಕನೆಕ್ಟರ್. ಕನ್ವರ್ಟರಿನದು ಸಾಮಾನ್ಯವಾಗಿ ನೀಲಿ ಯುಪಿಸಿ. ಹಸಿರನ್ನು ನೀಲಿಗೆ ಸೇರಿಸಿದರೆ ಸಿಗ್ನಲ್ ನಷ್ಟ, ತುದಿಯೂ ಹಾಳು. ಮೊದಲೇ ಹೇಳಿಬಿಡಿ.

ಪಂಪ್ ಶೆಡ್ಡಿನ 160 ಮೀಟರಿಗೆ ಕೆಲವು ಪಿಒಇ ಸ್ವಿಚ್‌ಗಳ ಎಕ್ಸ್‌ಟೆಂಡ್ ಮೋಡ್ (100 ಮೀಟರ್ ಮಿತಿ ದಾಟಿಸುವ ಸೆಟ್ಟಿಂಗ್) ನಡೆಯುತ್ತದೆ. ವೇಗ 10 ಎಂಬಿಪಿಎಸ್‌ಗೆ ಇಳಿಯುತ್ತದೆ, ಒಂದು 4 ಮೆಗಾಪಿಕ್ಸೆಲ್ ಎಚ್.265 (ವಿಡಿಯೋ ಕುಗ್ಗಿಸುವ ವಿಧಾನ) ಕ್ಯಾಮೆರಾಕ್ಕೆ ಅಷ್ಟು ಧಾರಾಳ. ಈ ಕೇಬಲ್ ಮಾತ್ರ 23 ಗೇಜ್ ಇರಲಿ, ಎರಡೂ ತುದಿಗೆ ಪಿಒಇ ಸರ್ಜ್ ಪ್ರೊಟೆಕ್ಟರ್ ಹಾಕಿ ಅರ್ಥಿಂಗಿಗೆ ಕಟ್ಟಿ. ಅರ್ಥ್ ಇಲ್ಲದ ಪ್ರೊಟೆಕ್ಟರ್ ಇದ್ದೂ ಇಲ್ಲದಂತೆ.

ಕಣಿವೆಮನೆ:
ಕೇಬಲ್ ಎಷ್ಟೇ ಒಳ್ಳೆಯದಿದ್ದರೂ ಪೈಪಿಲ್ಲದೆ ಹೂಳಬೇಡಿ. ಹೆಗ್ಗಣ, ಮುಳ್ಳುಹಂದಿ ಎರಡೂ ಕಡಿಯುತ್ತವೆ. ಸಿಲ್ವರ್ ಓಕಿಗೆ ಕಟ್ಟಿ ಎಳೆದರೆ ಮರಗಸಿ ಮಾಡುವಾಗ ಕೊಂಬೆ ಬಿದ್ದು ತುಂಡಾಗುತ್ತದೆ. 32 ಎಂಎಂ ಎಚ್‌ಡಿಪಿಇ ಪೈಪು, ಎರಡಡಿ ಆಳ, ರಸ್ತೆ ಅಂಚಿನಲ್ಲೇ ಹೋಗಲಿ. ಗಿಡದ ಸಾಲಿನ ನಡುವೆ ಹೋದರೆ ಅಗತೆ ಮಾಡುವಾಗ ಗುದ್ದಲಿ ಬೀಳುತ್ತದೆ. 70–80 ಮೀಟರಿಗೊಂದು ಸಣ್ಣ ಚೇಂಬರ್ ಕಟ್ಟಿ, ಎಳೆದ ಮೇಲೆ ಒಂದು ನೈಲಾನ್ ಹಗ್ಗ ಒಳಗೇ ಬಿಡಿ. ಪೈಪಿನ ಬಾಯಿ ಎಂ-ಸೀಲ್ ಹಾಕಿ ಮುಚ್ಚಿ. ಕ್ಯಾಮೆರಾ ಜಂಕ್ಷನ್ ಬಾಕ್ಸಿಗೆ ಕೇಬಲ್ ಕೆಳಗಿನಿಂದ, ಗ್ಲ್ಯಾಂಡ್ ಮೂಲಕವೇ ಒಳಹೋಗಲಿ. ಸಂದಿ ಬಿಟ್ಟರೆ ಇರುವೆ ಗೂಡು ಕಟ್ಟಿ ಆರ್‌ಜೆ45 (ನೆಟ್‌ವರ್ಕ್ ಕೇಬಲಿನ ಪ್ಲಗ್) ಪಿನ್ನು ಹಸಿರುಗಟ್ಟುತ್ತದೆ.

ತೋಟದಮನೆ:
ತುಂಬಾ ಉಪಕಾರವಾಯಿತು. ಒಂದು ಸಂದೇಹ: ಫೈಬರ್ ಪವರ್ ಒಯ್ಯುವುದಿಲ್ಲವಲ್ಲ, ಗೇಟಿನ ಕ್ಯಾಮೆರಾಕ್ಕೆ ಕರೆಂಟು ಎಲ್ಲಿಂದ? ಅದೇ ಪೈಪಿನಲ್ಲಿ 48 ವೋಲ್ಟ್ ಕಳಿಸಬಹುದೇ?

ವೈರಿಂಗ್_ಹಾಸನ:
ಲೆಕ್ಕಕ್ಕೆ ಸರಿಹೋಗುತ್ತದೆ. 2.5 ಸ್ಕ್ವೇರ್ ಎಂಎಂನಲ್ಲಿ 15 ವ್ಯಾಟಿಗೆ ಡ್ರಾಪ್ ಎರಡು ವೋಲ್ಟ್ ಚಿಲ್ಲರೆ. ಆದರೆ 420 ಮೀಟರ್ ತಾಮ್ರ ಮತ್ತೆ ಸಿಡಿಲಿಗೆ ಸಿಕ್ಕಿತು, ಫೈಬರ್ ಹಾಕಿದ್ದು ದಂಡ.

ಮಲೆನಾಡ್_ಫೈಬರ್:
ಹೌದು, ಗೇಟಿಗೆ ಬೇರೆ ಪ್ಯಾನೆಲ್ಲೇ ಒಳ್ಳೆಯದು. ಕ್ಯಾಮೆರಾ, ಕನ್ವರ್ಟರ್ ಸೇರಿ 12 ವ್ಯಾಟ್ ಹಿಡಿದರೆ ದಿನಕ್ಕೆ 288 ವ್ಯಾಟ್ ಅವರ್. 12.8 ವೋಲ್ಟ್ 100 ಆಂಪಿಯರ್ ಅವರ್ ಲಿಥಿಯಂ ಬ್ಯಾಟರಿ ಬಿಸಿಲಿಲ್ಲದೆ ಮೂರೂವರೆ ದಿನ ತಡೆಯುತ್ತದೆ. ಪ್ಯಾನೆಲ್ 335 ವ್ಯಾಟಿಗೆ ಕಡಿಮೆ ಬೇಡ. ಜುಲೈ ಮಳೆಯಲ್ಲಿ ಅದೂ ಕಷ್ಟಪಟ್ಟೇ ತುಂಬಿಸುತ್ತದೆ. ಮರದ ನೆರಳು ಬೀಳದ ಜಾಗದಲ್ಲಿ ಕಂಬ ನೆಡಿ. ಪಂಪ್ ಶೆಡ್ಡಿನಲ್ಲಿ ಸೋಲಾರ್ ಪಂಪ್ ಇದ್ದರೆ ಅದರ ಪ್ಯಾನೆಲ್ಲಿಗೆ ಕ್ಯಾಮೆರಾ ಜೋಡಿಸಬೇಡಿ: ವೋಲ್ಟೇಜ್ ಜಾಸ್ತಿ, ಬ್ಯಾಟರಿ ಇಲ್ಲ, ಕತ್ತಲಾದೊಡನೆ ಆಫ್.

ಮನೆಯಲ್ಲಿ 24 ವೋಲ್ಟ್ ಡಿಸಿ ಇನ್‌ಪುಟ್ ಇರುವ, ಒಳಗೇ 48ಕ್ಕೆ ಏರಿಸುವ ಪಿಒಇ ಸ್ವಿಚ್ ಕೊಳ್ಳಿ. ಬರೀ ಕ್ಯಾಮೆರಾಕ್ಕಾಗಿ ಇನ್ವರ್ಟರ್ ಆನ್ ಇಟ್ಟರೆ ಅದೇ 15–20 ವ್ಯಾಟ್ ತಿನ್ನುತ್ತದೆ, ದಿನಕ್ಕೆ 400 ವ್ಯಾಟ್ ಅವರ್ ಹತ್ತಿರ. ರೆಕಾರ್ಡರಿಗೆ 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಹಾಕಿ. ಚಾರ್ಜ್ ಆಗುವಾಗ ಬ್ಯಾಟರಿ 29 ವೋಲ್ಟ್ ಮುಟ್ಟುತ್ತದೆ, ಹಾಗಾಗಿ ಅದರ ಇನ್‌ಪುಟ್ ಮಿತಿ 36 ಇರಲಿ. ಬ್ಯಾಟರಿಯಿಂದ ಹೊರಡುವ ಪ್ರತಿ ವೈರಿಗೂ ಬ್ಯಾಟರಿ ಬುಡದಲ್ಲೇ ಫ್ಯೂಸ್.